ಸೆಕೆಂಡ್ ಹ್ಯಾಂಡ್ ಕಾರಿಗೆ ಅಗ್ಗದ ಇನ್ಶೂರೆನ್ಸ್ ಕೊಟ್ರೆ ಮೊದಲು ಎನ್‌ಸಿಬಿ (ನೋ ಕ್ಲೇಮ್ ಬೋನಸ್) ನೋಡಿ

ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿ, ಹಳೆ ಕಾರೊಂದು ತೆಗೆದುಕೊಳ್ಳುವ ಅಂತ ನೋಡುತ್ತಿರುವ ಮಂಗಳೂರು, ಉಡುಪಿ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಕಾರು ತೆಗೆದುಕೊಂಡಾಗ ಆರ್‌ಸಿ ಮಾಡಿಕೊಟ್ಟ ಬ್ರೋಕರೇ ಫುಲ್ ಇನ್ಶೂರೆನ್ಸ್ ಕೂಡ ಮಾಡಿಸಿಕೊಟ್ಟ. ಸಾಲದ ಕಂತು, ಬಾಡಿಗೆ, ಪೆಟ್ರೋಲು ಕಳೆದರೆ ಸಂಬಳದಲ್ಲಿ ಉಳಿಯುವುದೇ ಕಡಿಮೆ, ಹಾಗಾಗಿ ಬೇರೆ ಕಡೆಗಿಂತ ಸಾವಿರಗಟ್ಟಲೆ ಕಡಿಮೆ ಹೇಗೆ ಅಂತ ಕೇಳಿಯೇ ಕೇಳಿದೆ. "ನಮಗೆ ಡಿಸ್ಕೌಂಟ್ ಉಂಟು ಮಾರಾಯ್ರೆ" ಅಂದ.

ಮಳೆಗಾಲದಲ್ಲಿ ನಂತೂರು ಹತ್ತಿರ ಕಾರು ಜಾರಿ ಡಿವೈಡರಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಬಂಪರ್, ಹೆಡ್‌ಲೈಟ್, ರೇಡಿಯೇಟರ್ ಎಲ್ಲ ಹೋಯಿತು. ಸರ್ವೇಯರ್ ಬಂದು ಫೋಟೋ ತೆಗೆದ. ಆಮೇಲೆ ಪತ್ರ ಬಂತು, ಕ್ಲೇಮ್ ರಿಜೆಕ್ಟ್.

ಬ್ರೋಕರ್ ನನ್ನ ಪಾಲಿಸಿಯಲ್ಲಿ 50% ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹಾಕಿಬಿಟ್ಟಿದ್ದ! ಆ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಹಳೆ ಮಾಲೀಕರು ಅದನ್ನು ತಮ್ಮ ಹೊಸ ಕಾರಿಗೆ ತೆಗೆದುಕೊಂಡು ಹೋಗಿ ಆಗಿತ್ತು. ಮೊದಲ ಸಲ ಕಾರು ತೆಗೆದುಕೊಂಡವರಿಗೆ ಸೊನ್ನೆಯೇ. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ 20%, ಹಾಗೇ ಏರುತ್ತಾ 50% ಮುಟ್ಟಲು ಐದು ವರ್ಷ ಬೇಕು. ಸುಳ್ಳು ಎನ್‌ಸಿಬಿ ಇದ್ದರೆ ನಮ್ಮ ಗಾಡಿಯ ಡ್ಯಾಮೇಜಿಗೆ ಕಂಪನಿ ದುಡ್ಡು ಕೊಡದೇ ಇರಬಹುದು. ಗ್ಯಾರೇಜ್ ಬಿಲ್ ಪೂರ್ತಿ ನನ್ನ ಕೈಯಿಂದ ಹೋಯಿತು. ಬ್ರೋಕರ್ ಈಗ ಫೋನೇ ಎತ್ತುವುದಿಲ್ಲ.

ದರ ಹೋಲಿಸುವಾಗ ಒಂದು ಗೊತ್ತಿರಲಿ. ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ) ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ಎಲ್ಲ ಕಂಪನಿಯಲ್ಲೂ ಒಂದೇ. 2022ರ ಜೂನ್‌ನಲ್ಲಿ ಮಾಡಿದ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅಂದರೆ ಯಾರಾದರೂ ತುಂಬಾ ಕಡಿಮೆ ಹೇಳಿದರೆ, ಕತ್ತರಿ ಬಿದ್ದಿರುವುದು ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ಡ್ಯಾಮೇಜಿನ) ಭಾಗಕ್ಕೇ ಅಲ್ವಾ? ಒಂದೋ ಎನ್‌ಸಿಬಿ ಸುಳ್ಳು, ಇಲ್ಲ ಐಡಿವಿ (ಕಾರು ಪೂರ್ತಿ ಹೋದರೆ ಸಿಗುವ ಗರಿಷ್ಠ ಮೊತ್ತ) ಇಳಿಸಿರುತ್ತಾರೆ, ಇಲ್ಲ ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಕವರ್) ತೆಗೆದಿರುತ್ತಾರೆ. ನಿಜವಾಗಿ ಕಂಪನಿಯೇ ಕೊಟ್ಟ ಡಿಸ್ಕೌಂಟ್ ಕೂಡ ಇರಬಹುದು, ಆದರೆ ಅದು ಪಾಲಿಸಿ ಕಾಗದದಲ್ಲಿ ಕಾಣಬೇಕು. ಬಜೆಟ್ ಹಾಕುವಾಗ ಎನ್‌ಸಿಬಿ ಸೊನ್ನೆ ಅಂತಲೇ ಲೆಕ್ಕ ಹಾಕಿ, ಆ ಮೊತ್ತವನ್ನು 12ರಿಂದ ಭಾಗಿಸಿ ತಿಂಗಳು ತಿಂಗಳು ಬದಿಗಿಡಿ.

ನಾನು ಕಂಪನಿಗೆ ದೂರು ಕೊಟ್ಟಿದ್ದೇನೆ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇನ್ಶೂರೆನ್ಸ್ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗಬಹುದು, ಅದಕ್ಕೆ ಫೀಸೂ ಇಲ್ಲ, ವಕೀಲರೂ ಬೇಡ.

ಈಗಾಗಲೇ ಹಳೆ ಕಾರು ತೆಗೆದುಕೊಂಡವರು ಇವತ್ತೇ ಪಾಲಿಸಿ ತೆಗೆದು ನೋಡಿ. ನಿಮ್ಮದಲ್ಲದ ಎನ್‌ಸಿಬಿ ಇದ್ದರೆ ನೇರ ಕಂಪನಿಗೇ ಬರೆದು, ವ್ಯತ್ಯಾಸದ ಹಣ ಕಟ್ಟಿ ಸರಿ ಮಾಡಿಸಿಕೊಳ್ಳಿ. ಬ್ರೋಕರ್ ಮೂಲಕ ಬೇಡ.