ಮೂರು ಕುರ್ಚಿ ಸಾಲದು: ಬಳ್ಳಾರಿಯ ಟಿ.ವಿ. ಚುನಾವಣಾ ಚರ್ಚೆ ನೋಡಿದ ಮೇಲೆ

2023ರ ವಿಧಾನಸಭಾ ಚುನಾವಣೆಗೆ ಮುನ್ನ ಕನ್ನಡದ ಸುದ್ದಿವಾಹಿನಿಯೊಂದು ಬಳ್ಳಾರಿಯಲ್ಲಿ ನಡೆಸಿದ ಚರ್ಚೆ ಯೂಟ್ಯೂಬಿನಲ್ಲಿ ಈಗಲೂ ಇದೆ. ಅಂದು ಸಭಿಕರ ನಡುವೆ ನಾನೂ ಇದ್ದೆ. ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕವಿದೆ. ಕಾರ್ಯಕ್ರಮಕ್ಕೆ ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಧ್ವನಿ, ಬೆಳಕು, ಚಿತ್ರೀಕರಣ ಎಲ್ಲವೂ ಅಚ್ಚುಕಟ್ಟಾಗಿದ್ದವು.

ಕೊರತೆ ಇದ್ದದ್ದು ವೇದಿಕೆಯ ಮೇಲೆ. ಅಲ್ಲಿ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಪ್ರತಿನಿಧಿಗಳು ಮಾತ್ರ ಕುಳಿತಿದ್ದರು. ಊರಿನ ಚಹಾ ಅಂಗಡಿಗಳಲ್ಲೆಲ್ಲ ಗಾಲಿ ಜನಾರ್ದನ ರೆಡ್ಡಿಯವರ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಮಾತೇ ನಡೆಯುತ್ತಿದ್ದ ದಿನಗಳವು. ಆ ಪಕ್ಷವನ್ನು ಏಕೆ ಕರೆಯಲಿಲ್ಲ ಎಂದು ಕೇಳಿದೆ. "ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ ಆಹ್ವಾನ" ಎಂದರು ಸಂಯೋಜಕರು.

ಹಾಗಾದರೆ ಆಮ್ ಆದ್ಮಿ ಪಕ್ಷ ಎಲ್ಲಿತ್ತು? ಏಪ್ರಿಲ್ 10ರಂದೇ ಅದಕ್ಕೆ ರಾಷ್ಟ್ರೀಯ ಪಕ್ಷದ ಮಾನ್ಯತೆ ಸಿಕ್ಕಿತ್ತು. ಚರ್ಚೆ ನಡೆದದ್ದು ಅದಾದ ಮೇಲೆ. ತಾವು ಹೇಳಿದ ನಿಯಮವನ್ನು ತಾವೇ ಪಾಲಿಸಿರಲಿಲ್ಲ.

ಮೇ 13ರಂದು ಮತ ಎಣಿಕೆಯಾಯಿತು. ಬಳ್ಳಾರಿ ನಗರದಲ್ಲಿ ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿ ಗೆದ್ದರು. ಎರಡನೆಯ ಸ್ಥಾನ ಬಿಜೆಪಿಗೆ ಹೋಗಲಿಲ್ಲ, ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಅರುಣಾ ಲಕ್ಷ್ಮಿಯವರಿಗೆ ಹೋಯಿತು. ಪಕ್ಕದ ಗಂಗಾವತಿಯಲ್ಲಿ ಜನಾರ್ದನ ರೆಡ್ಡಿಯವರೇ ಗೆದ್ದರು. ಮರುವರ್ಷ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು, ಅದು ಬೇರೆ ಮಾತು. ನಾನು ಆ ಪಕ್ಷಕ್ಕೆ ಮತ ಹಾಕಿದವನಲ್ಲ. ಅವರನ್ನು ಎದುರಿಗೆ ಕೂರಿಸಿ ಗಣಿಗಾರಿಕೆಯ ಬಗ್ಗೆ ಪ್ರಶ್ನೆ ಕೇಳಬೇಕೆಂದಿದ್ದೆ. ಕರೆಯದೆ ಬಿಟ್ಟದ್ದರಿಂದ ಅವರಿಗೆ ಉತ್ತರ ಹೇಳುವ ಹೊರೆ ತಪ್ಪಿತು, ನಷ್ಟವಾದದ್ದು ಮತದಾರರಿಗೆ.

ಮಾನ್ಯತೆಯ ನಿಯಮ ದೂರದರ್ಶನಕ್ಕೆ ಸರಿಹೊಂದುತ್ತದೆ. ಚುನಾವಣಾ ಆಯೋಗದ 1998ರ ಯೋಜನೆಯಂತೆ ಅಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಪಕ್ಷಗಳಿಗೆ ಉಚಿತ ಸಮಯ ಹಂಚುತ್ತಾರೆ, ಹಿಂದಿನ ಚುನಾವಣೆಯಲ್ಲಿ ಪಡೆದ ಮತ ನೋಡಿ ಹೆಚ್ಚುವರಿ ನಿಮಿಷಗಳನ್ನು ಕೊಡುತ್ತಾರೆ. ಸರ್ಕಾರಿ ವಾಹಿನಿಗೆ ಅಂಥ ಕಟ್ಟುನಿಟ್ಟು ಬೇಕು. ಆದರೆ ಖಾಸಗಿ ವಾಹಿನಿ ಜಿಲ್ಲೆಗೆ ಬಂದು ಚರ್ಚೆ ನಡೆಸುವಾಗ ಜಿಲ್ಲೆಯ ಕಣವನ್ನು ನೋಡಬೇಡವೇ? ನಮ್ಮಲ್ಲಿ ಹೊಸ ಪಕ್ಷಗಳು ಹುಟ್ಟುವುದು ಹೊಸದಲ್ಲ. 2013ರಲ್ಲಿ ಬಿ. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ರಾಜ್ಯದಲ್ಲಿ ನಾಲ್ಕು ಸ್ಥಾನ ಗೆದ್ದಿತ್ತು.

ಬಳ್ಳಾರಿ ಜಿಲ್ಲೆಯಲ್ಲಿರುವುದು ಐದು ಕ್ಷೇತ್ರಗಳು. ಮೂರರಲ್ಲಾದರೂ ಅಭ್ಯರ್ಥಿಗಳನ್ನು ನಿಲ್ಲಿಸಿದ ಪಕ್ಷಕ್ಕೆ, ಮಾನ್ಯತೆ ಇರಲಿ ಇಲ್ಲದಿರಲಿ, ಒಂದು ಕುರ್ಚಿ ಹಾಕಲಿ. ಉಳಿದ ಪಕ್ಷಗಳಿಗೂ ಪಕ್ಷೇತರರಿಗೂ ತಲಾ ಎರಡು ನಿಮಿಷ ಮೈಕ್ ಕೊಡಲಿ. ಜನ ಹೆಚ್ಚಾದರೆ ಗದ್ದಲವಾಗುತ್ತದೆ ಎಂಬ ನೆಪ ಬೇಡ. 2015ರಲ್ಲಿ ಬ್ರಿಟನ್ನಿನ ಐಟಿವಿ ಏಳು ಪಕ್ಷಗಳ ನಾಯಕರನ್ನು ಒಂದೇ ವೇದಿಕೆಯಲ್ಲಿ ನಿಲ್ಲಿಸಿ ಚರ್ಚೆ ನಡೆಸಿತ್ತು. ಇಲ್ಲಿ ಮೂವರೇ ಇದ್ದಾಗಲೂ ನಿರೂಪಕರು ಯಾರ ಮಾತನ್ನೂ ಪೂರ್ತಿಯಾಗಲು ಬಿಡಲಿಲ್ಲ.

ಇಡೀ ವಿಡಿಯೊ ನೋಡಲು ಸಮಯವಿಲ್ಲದವರು ಕೊನೆಯ ಭಾಗವನ್ನಾದರೂ ನೋಡಿ. ಜೀನ್ಸ್ ತೊಳೆಯುವ ಘಟಕಗಳ ಕೊಳಚೆ ನೀರು ಎಲ್ಲಿಗೆ ಹೋಗಬೇಕು, ಅದನ್ನು ಶುದ್ಧೀಕರಿಸುವ ಖರ್ಚು ಯಾರದು ಎಂದು ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬಳು ನೇರವಾಗಿ ಕೇಳುತ್ತಾಳೆ. ಇಡೀ ಸಂಜೆಯ ಅತ್ಯುತ್ತಮ ಪ್ರಶ್ನೆ ಅದು. ಉತ್ತರ ಶುರುವಾಗುತ್ತಿದ್ದಂತೆಯೇ ನಿರೂಪಕರು ಜಾಹೀರಾತಿನ ವಿರಾಮ ಘೋಷಿಸುತ್ತಾರೆ. ವಿರಾಮದ ನಂತರ ಆ ವಿಷಯಕ್ಕೆ ಯಾರೂ ಮರಳುವುದಿಲ್ಲ.