ಡೆಲವೇರ್ ಕಂಪನಿ ಮಾಡಿಸುವ ಮುನ್ನ ನನ್ನ ಕಥೆ ಕೇಳಿ

2023ರ ಜನವರಿಯ ಒಂದು ಶನಿವಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಮನೆಯಲ್ಲಿ ಮೇಜಿನ ಮೇಲೆ ಉಪ್ಪಿಟ್ಟು ಆರುತ್ತಿತ್ತು. ನಾನು ಡೆಲವೇರ್ ರಾಜ್ಯದಿಂದ ಮೊಬೈಲ್‌ಗೆ ಬಂದಿದ್ದ ತೆರಿಗೆ ನೋಟಿಸಿನ ಅಂಕಿಯನ್ನು ಮೂರನೆಯ ಸಲ ಓದುತ್ತಿದ್ದೆ: 85,165 ಡಾಲರ್. ಅಂದಿನ ದರದಲ್ಲಿ ಸುಮಾರು ಎಪ್ಪತ್ತು ಲಕ್ಷ ರೂಪಾಯಿ. ಕಂಪನಿಯ ಖಾತೆಯಲ್ಲಿ ಇದ್ದದ್ದು ಹನ್ನೊಂದು ಸಾವಿರ ಡಾಲರ್. ನಾನು ಮತ್ತು ನನ್ನ ಭಾವಮೈದುನ ಸೇರಿ, ಇಲ್ಲಿನ ಭಾರತೀಯ ದಿನಸಿ ಅಂಗಡಿಗಳಿಗೆ ದಾಸ್ತಾನು ಲೆಕ್ಕವಿಡುವ ತಂತ್ರಾಂಶ ಮಾಡಿ ಮಾರುತ್ತಿದ್ದೆವು. ಎಪ್ಪತ್ತು ಲಕ್ಷ ತೆರಿಗೆ ಕಟ್ಟುವ ವ್ಯಾಪಾರವಂತೂ ಅದಾಗಿರಲಿಲ್ಲ.

ಕಂಪನಿ ನೋಂದಾಯಿಸಿಕೊಟ್ಟ ಏಜೆಂಟ್ 2021ರಲ್ಲಿ ಹೇಳಿದ್ದ ಮಾತು ಇನ್ನೂ ಕಿವಿಯಲ್ಲಿದೆ: 'ಡೆಲವೇರ್‌ನಲ್ಲಿ ಮಾಡಿಸಿ ಸಾರ್, ಹೊರಗೆ ವ್ಯಾಪಾರ ಮಾಡುವ ಕಂಪನಿಗೆ ಅಲ್ಲಿ ಆದಾಯ ತೆರಿಗೆಯೇ ಇಲ್ಲ.' ಅವನು ಸುಳ್ಳು ಹೇಳಲಿಲ್ಲ. ಅರ್ಧ ಹೇಳಿದ.

ಡೆಲವೇರ್ ನಮ್ಮ ಹಾಸನ ಜಿಲ್ಲೆಗಿಂತ ತುಸು ಚಿಕ್ಕ ರಾಜ್ಯ. ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು, ಅಲ್ಲಿ ದಾಖಲಾದ ಸಂಸ್ಥೆಗಳು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ವಿಲ್ಮಿಂಗ್ಟನ್‌ನ 1209 ನಾರ್ತ್ ಆರೆಂಜ್ ಸ್ಟ್ರೀಟ್ ಎಂಬ ಒಂದೇ ಕಟ್ಟಡ ಲಕ್ಷಗಟ್ಟಲೆ ಕಂಪನಿಗಳ ವಿಳಾಸ. ಮೊದಲು ಈ ವ್ಯಾಪಾರ ಪಕ್ಕದ ನ್ಯೂಜೆರ್ಸಿಯದಾಗಿತ್ತು. ಡೆಲವೇರ್ 1899ರಲ್ಲಿ ತನ್ನದೇ ಸಡಿಲವಾದ ಕಂಪನಿ ಕಾಯ್ದೆ ತಂದಿತು. 1913ರಲ್ಲಿ ವುಡ್ರೋ ವಿಲ್ಸನ್ ಗವರ್ನರ್ ಆಗಿದ್ದಾಗ ನ್ಯೂಜೆರ್ಸಿ ಕಾನೂನು ಬಿಗಿ ಮಾಡಿದ್ದೇ ತಡ, ಕಂಪನಿಗಳು ಡೆಲವೇರ್‌ಗೆ ಗುಳೆ ಬಂದವು. ಜೊತೆಗೆ 1792ರಿಂದ ನಡೆದುಬಂದಿರುವ ಚಾನ್ಸರಿ ನ್ಯಾಯಾಲಯವಿದೆ. ಅಲ್ಲಿ ಜ್ಯೂರಿ ಇಲ್ಲ, ಕಂಪನಿ ವ್ಯಾಜ್ಯಗಳಲ್ಲಿ ಪಳಗಿದ ನ್ಯಾಯಾಧೀಶರೇ ತೀರ್ಪು ಕೊಡುತ್ತಾರೆ. ದೊಡ್ಡ ಹೂಡಿಕೆದಾರರು ಡೆಲವೇರ್ ಬೇಕೆನ್ನುವುದು ಇದಕ್ಕಾಗಿ. ರಾಜ್ಯಕ್ಕೂ ಲಾಭ: ಕಾರ್ಖಾನೆ ಬೇಡ, ರಸ್ತೆ ಬೇಡ, ಕಾಗದದ ಮೇಲೆ ಹುಟ್ಟಿದ ಕಂಪನಿಗಳಿಂದಲೇ ಖಜಾನೆಗೆ ದೊಡ್ಡ ಪಾಲು ಬಂದು ಬೀಳುತ್ತದೆ. ಆ ಪಾಲಿನ ಹೆಸರೇ ಫ್ರಾಂಚೈಸ್ ತೆರಿಗೆ. ಆದಾಯ ಬರಲಿ, ಬಾರದಿರಲಿ, ಕಂಪನಿ ಅಲ್ಲಿ ದಾಖಲಾಗಿದೆ ಎಂಬ ಕಾರಣಕ್ಕೇ ಅದನ್ನು ಕಟ್ಟಬೇಕು.

ನಮ್ಮನ್ನು ಬೆಚ್ಚಿಬೀಳಿಸಿದ್ದು ಇದೇ. ಏಜೆಂಟ್ ತನ್ನ ಸಿದ್ಧ ನಮೂನೆಯಂತೆ ಅಧಿಕೃತ ಷೇರು, ಅಂದರೆ ಕಂಪನಿ ಹೆಚ್ಚೆಂದರೆ ಹಂಚಬಹುದಾದ ಷೇರು, ಒಂದು ಕೋಟಿ ಎಂದು ಬರೆಸಿದ್ದ. ನೋಟಿಸಿನಲ್ಲಿದ್ದ ಲೆಕ್ಕ ನಿಂತದ್ದು ಆ ಷೇರುಗಳ ಸಂಖ್ಯೆಯ ಮೇಲೆ: ಮೊದಲ ಹತ್ತು ಸಾವಿರಕ್ಕೆ 250 ಡಾಲರ್, ಆಮೇಲಿನ ಪ್ರತಿ ಹತ್ತು ಸಾವಿರಕ್ಕೆ 85. ಕೂಡಿಸಿ ನೋಡಿ, ಸರಿಯಾಗಿ 85,165 ಬರುತ್ತದೆ. ಏಜೆಂಟನಿಗೆ ಫೋನ್ ಮಾಡಿದರೆ, 'ಸರಿಪಡಿಸಿಕೊಡುತ್ತೇನೆ, 1,500 ಡಾಲರ್ ಆಗುತ್ತದೆ' ಎಂದ. ಬೆಂಕಿ ಹಚ್ಚಿದವನೇ ನೀರಿನ ಬಿಂದಿಗೆಗೆ ಬೆಲೆ ಹೇಳಿದ ಹಾಗಾಯಿತು.

ಸರಿಪಡಿಸುವುದಕ್ಕೆ ಅಂದು ರಾತ್ರಿ ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಇನ್ನೊಂದು ಲೆಕ್ಕದ ವಿಧಾನವಿದೆ. ಕಂಪನಿಯ ಒಟ್ಟು ಆಸ್ತಿಯನ್ನು ಹಂಚಿಕೆಯಾದ ಷೇರುಗಳಿಂದ ಭಾಗಿಸಿ, ಬಂದದ್ದನ್ನು ಅಧಿಕೃತ ಷೇರುಗಳಿಂದ ಗುಣಿಸಬೇಕು; ಆ ಮೊತ್ತದ ಪ್ರತಿ ಹತ್ತು ಲಕ್ಷಕ್ಕೆ 400 ಡಾಲರ್, ಕನಿಷ್ಠವೂ ಅಷ್ಟೇ. ನಮ್ಮ ಆಸ್ತಿ ಖಾತೆಯ ಹಣ, ಎರಡು ಲ್ಯಾಪ್‌ಟಾಪ್ ಎಲ್ಲ ಸೇರಿ 14,000 ಡಾಲರ್. ಹಂಚಿದ್ದ ಷೇರು ಎಂಬತ್ತು ಲಕ್ಷ. ಸರ್ಕಾರದ ಜಾಲತಾಣದಲ್ಲಿ ಈ ಎರಡು ಅಂಕಿ ತುಂಬಿ ಗುಂಡಿ ಒತ್ತಿದೆ. 85,165 ಇದ್ದ ಜಾಗದಲ್ಲಿ 400 ಬಂದು ಕೂತಿತು. ವಾರ್ಷಿಕ ವರದಿಯ ಶುಲ್ಕ 50 ಸೇರಿ 450. ಹೆಂಡತಿ, 'ಇಷ್ಟೇನಾ? ಬೆಳಗಿನಿಂದ ಉಪವಾಸ ಇದ್ದದ್ದು ಇದಕ್ಕಾ?' ಎಂದಳು. ಆದರೆ ನಮ್ಮದು ಅದೃಷ್ಟವೂ ಹೌದು. ಅದೇ ಆಸ್ತಿಗೆ ಹತ್ತು ಸಾವಿರ ಷೇರು ಮಾತ್ರ ಹಂಚಿದ್ದರೆ ಇದೇ ವಿಧಾನದಲ್ಲಿ 5,600 ಡಾಲರ್ ಆಗುತ್ತಿತ್ತು. ಗಡುವು ಮಾರ್ಚ್ 1. ತಪ್ಪಿದರೆ 200 ಡಾಲರ್ ದಂಡ, ಮೇಲೆ ತಿಂಗಳಿಗೆ ಶೇಕಡಾ 1.5 ಬಡ್ಡಿ.

ಇಷ್ಟಕ್ಕೆ ಮುಗಿದಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಮನೆ ಬಾಗಿಲಲ್ಲೇ.

ಒಬ್ಬ ಗ್ರಾಹಕ 4,800 ಡಾಲರ್ ಬಾಕಿ ಉಳಿಸಿಕೊಂಡು ಎಂಟು ತಿಂಗಳು ಸತಾಯಿಸಿದ. ಸಣ್ಣ ಮೊತ್ತದ ದಾವೆಗಳ ನ್ಯಾಯಾಲಯಕ್ಕೆ ಹೋದೆವು. ಅವನು ಬಾಕಿಯ ಬಗ್ಗೆ ತುಟಿ ಬಿಚ್ಚಲಿಲ್ಲ. 'ಇವರ ಕಂಪನಿ ಈ ರಾಜ್ಯದಲ್ಲಿ ನೋಂದಣಿಯೇ ಆಗಿಲ್ಲ' ಎಂದು ಒಂದು ಕಾಗದ ಮುಂದಿಟ್ಟ. ಅಷ್ಟೇ ಸಾಕಾಯಿತು. ಡೆಲವೇರ್‌ನಲ್ಲಿ ಹುಟ್ಟಿದ ಕಂಪನಿ ಕ್ಯಾಲಿಫೋರ್ನಿಯಾದ ಕಣ್ಣಿಗೆ ಹೊರಗಿನದು. ಇಲ್ಲಿ ಕೂತು ವ್ಯಾಪಾರ ಮಾಡುವುದಾದರೆ ಇಲ್ಲಿಯೂ ನೋಂದಾಯಿಸಬೇಕು, ವರ್ಷಕ್ಕೆ ಕನಿಷ್ಠ 800 ಡಾಲರ್ ತೆರಿಗೆ ಕಟ್ಟಬೇಕು. ಅದನ್ನು ಮಾಡದೆ ದಾವೆ ಮುಂದುವರಿಸುವಂತಿಲ್ಲ. ನೋಂದಣಿ ಶುಲ್ಕ, 250 ಡಾಲರ್ ದಂಡ, ವರ್ಷಕ್ಕೆ 800ರಂತೆ ಹಿಂದಿನ ಬಾಕಿ, ಅದರ ಮೇಲೆ ಬಡ್ಡಿ ಎಲ್ಲವನ್ನೂ ಕಟ್ಟಿ ಮತ್ತೆ ಬಾಗಿಲು ತಟ್ಟುವಷ್ಟರಲ್ಲಿ ನಮಗೇ ಸುಸ್ತಾಗಿತ್ತು. ಕೊನೆಗೆ 3,000ಕ್ಕೆ ರಾಜಿಯಾದೆವು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಮ್ಮಜ್ಜಿ ಹೇಳುತ್ತಿದ್ದರು. ವ್ಯಾಪಾರ ಮಾಡುವ ರಾಜ್ಯದ ತೆರಿಗೆಯವರ ಕೈಗೆ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತೀರಿ.

ಹೊರಗಿನ ಹೂಡಿಕೆ ತರುವ ಯೋಚನೆ ಇದ್ದವರು ಡೆಲವೇರ್ ಮಾಡಿಸಲಿ, ಬೇಡವೆನ್ನುವುದಿಲ್ಲ. ನಮ್ಮಂತೆ ಇಬ್ಬರೇ ಸೇರಿ ಊರೊಳಗೆ ವ್ಯಾಪಾರ ಮಾಡುವವರಿಗೆ ಅದು ಎರಡು ಮನೆಗೆ ಬಾಡಿಗೆ ಕಟ್ಟಿದಂತೆ. ಮುಚ್ಚಿಬಿಡೋಣ ಎಂದರೆ ಅದಕ್ಕೂ ಅಲ್ಲಿನ ಬಾಕಿ ತೆರಿಗೆಯೆಲ್ಲ ತೀರಿಸಿರಬೇಕು. ಕಟ್ಟದೆ ಸುಮ್ಮನಿದ್ದರೆ ಬಡ್ಡಿ ಬೆಳೆಯುತ್ತಿರುತ್ತದೆ.

ಈಗ ಗಾಳಿ ಬೇರೆ ಕಡೆ ಬೀಸುತ್ತಿದೆ. 2024ರಲ್ಲಿ ಟೆಸ್ಲಾ ಡೆಲವೇರ್ ಬಿಟ್ಟು ಟೆಕ್ಸಾಸ್‌ಗೆ ಹೋಯಿತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್ ವ್ಯಾಪಾರ ವ್ಯಾಜ್ಯಗಳಿಗೆಂದೇ ಹೊಸ ನ್ಯಾಯಾಲಯ ತೆರೆಯಿತು. ನೆವಾಡ, ವಯೋಮಿಂಗ್ ಕೂಡ ಕೈಬೀಸಿ ಕರೆಯುತ್ತಿವೆ. ಏಜೆಂಟರ ಹಾಡು ಮಾತ್ರ ಹಳೆಯದೇ, ಊರಿನ ಹೆಸರಷ್ಟೇ ಹೊಸದು. ಕಳೆದ ವಾರ ಅರಸೀಕೆರೆ ಕಡೆಯ ಹುಡುಗನೊಬ್ಬ ಉತ್ಸಾಹದಿಂದ ಫೋನ್ ಮಾಡಿದ: 'ವಯೋಮಿಂಗ್‌ನಲ್ಲಿ ವರ್ಷಕ್ಕೆ 60 ಡಾಲರ್ ಅಷ್ಟೇ ಅಣ್ಣ, ಆದಾಯ ತೆರಿಗೆಯೂ ಇಲ್ಲ.' ನೀನು ಕೂತು ಕೆಲಸ ಮಾಡುವುದು ಎಲ್ಲಿ ಎಂದು ಕೇಳಿದೆ.

'ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆಯಲ್ಲಿ' ಎಂದ.