ಇಬ್ಬರು ಸ್ಟಾರ್, ಒಂದೇ ಚೆಂಡು: ದಕ್ಷಿಣ ಬೆಂಗಳೂರಿನ ಒಂದು ‘ಜೋಡಿ ಬ್ಯಾಚ್’ ಎಷ್ಟು ಕಲಿಸುತ್ತದೆ?

ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಪದೇ ಪದೇ ಕಾಣುವ ನೋಟ ಇದು. ಪಂದ್ಯವೊಂದರಲ್ಲಿ ಇಪ್ಪತ್ತು ಪಾಯಿಂಟ್ ಹೊಡೆಯಬಲ್ಲವರು ಇಬ್ಬರಿರುತ್ತಾರೆ, ಆದರೆ ಇಬ್ಬರೂ ಒಟ್ಟಿಗೆ ಇಳಿದಾಗಲೇ ತಂಡ ಕುಂಟುತ್ತದೆ. ಒಬ್ಬ ಡ್ರಿಬಲ್ ಮಾಡುತ್ತಿರುತ್ತಾನೆ, ಇನ್ನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾನೆ. ಮುಂದಿನ ಸಲ ಅದಲು ಬದಲು. ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಅಕಾಡೆಮಿ ನಡೆಸುವ ಎಂಟು ಭಾನುವಾರಗಳ ಜೋಡಿ ಬ್ಯಾಚ್ ಈ ಕಾಯಿಲೆಗೇ ಮದ್ದು ಕೊಡುತ್ತೇವೆ ಎನ್ನುತ್ತದೆ. ಅರ್ಧ ಮದ್ದು ನಿಜಕ್ಕೂ ಚೆನ್ನಾಗಿದೆ. ಉಳಿದರ್ಧವನ್ನು ಜೋಡಿಯೇ ಅರೆದುಕೊಳ್ಳಬೇಕು.

ಮೊದಲು ವ್ಯವಸ್ಥೆ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ತರಬೇತಿ. ಬ್ಯಾಚಿಗೆ ಆರು ಜೋಡಿ, ಇಬ್ಬರು ಕೋಚ್, ಎರಡು ರಿಂಗ್. ಕೋರ್ಟಿನ ಮೇಲೆ ತಗಡಿನ ಸೂರು ಇರುವುದರಿಂದ ಹಿಂದಿನ ರಾತ್ರಿ ಮಳೆ ಸುರಿದಿದ್ದರೂ ನೆಲ ಒಣಗಿರುತ್ತದೆ. ಬಯಲು ಸಿಮೆಂಟ್ ಕೋರ್ಟುಗಳಲ್ಲಿ ಸೆಪ್ಟೆಂಬರ್ ತಿಂಗಳಿಡೀ ಈ ಭಾಗ್ಯ ಇರುವುದಿಲ್ಲ. ಗಂಡಸರ ಜೋಡಿಗೆ 7ನೇ ಸೈಜಿನ ಚೆಂಡು, ಹೆಂಗಸರ ಜೋಡಿಗೆ 6ನೇದು. ಮೂರು ಪಾಯಿಂಟಿನ ಗೆರೆ ಅಂತಾರಾಷ್ಟ್ರೀಯ ಅಳತೆಯದು, 6.75 ಮೀಟರ್. ಒಂದು ರಿಂಗಿಗೆ ಮೂರು ಜೋಡಿ ಎಂದರೆ ಸರದಿ ಕಾಯುವುದೇ ಹೆಚ್ಚಾಗುತ್ತದೇನೋ ಎನಿಸಬಹುದು, ಹಾಗಾಗುವುದಿಲ್ಲ. ಒಂದು ಜೋಡಿ ಆಡುವಾಗ ಇನ್ನೊಂದು ಜೋಡಿ ಡಿಫೆನ್ಸ್‌ಗೆ ನಿಲ್ಲುತ್ತದೆ. ಎದುರಾಳಿಗೆ ಯಾವುದು ಕಷ್ಟ ಎಂಬುದು ಅಲ್ಲಿ ನಿಂತಾಗಲೇ ಮೈಗೆ ತಿಳಿಯುವುದು.

ಮೊದಲ ಮೂರು ವಾರ ಪಿಕ್ ಅಂಡ್ ರೋಲ್: ಒಬ್ಬ ಜೊತೆಗಾರನ ಡಿಫೆಂಡರಿನ ದಾರಿಗೆ ಗೋಡೆಯಂತೆ ಅಡ್ಡ ನಿಂತು (ಇದೇ ‘ಸ್ಕ್ರೀನ್’), ಆಮೇಲೆ ತಿರುಗಿ ರಿಂಗಿನತ್ತ ಓಡುವ ಆಟ. ಬ್ಯಾಚಿನ ಜೀವಾಳ ಇದೇ. ಸ್ಕ್ರೀನ್ ಹಾಕುವವನ ಪಾದಗಳು ಭುಜದಗಲಕ್ಕಿಂತ ತುಸು ಅಗಲ, ಮಂಡಿ ಬಾಗಿರಬೇಕು, ಕೈ ಎದೆಗೆ ಅಂಟಿರಬೇಕು. ಜೊತೆಗಾರ ಯಾವ ಕಡೆಗೆ ನುಗ್ಗಬೇಕೋ ಬೆನ್ನು ಆ ಕಡೆಗಿರಬೇಕು. ಡಿಫೆಂಡರ್ ತಾಗುವ ಹೊತ್ತಿಗೆ ಎರಡೂ ಪಾದ ನೆಲದಲ್ಲಿ ನಿಶ್ಚಲವಾಗಿರದಿದ್ದರೆ ಅದು ಫೌಲ್. ಬೆನ್ನ ಹಿಂದಿನಿಂದ ಹಾಕುವ ಸ್ಕ್ರೀನಾದರೆ ಡಿಫೆಂಡರಿಗೆ ಒಂದು ಹೆಜ್ಜೆಯಷ್ಟು ಜಾಗ ಬಿಡಬೇಕು. ಐದು ಫೌಲಿಗೆ ಆಟಗಾರ ಹೊರಗೆ ಹೋಗುವ ನಿಯಮದಲ್ಲಿ, ತಂಡದ ಸ್ಟಾರ್ ಇಂಥ ಎರಡು ಫೌಲ್ ಸುಮ್ಮನೆ ಕಳೆದುಕೊಂಡರೆ ಮೂರನೇ ಕ್ವಾರ್ಟರಿನಲ್ಲಿ ಬೆಂಚಿನ ಮೇಲೆ ಕೂರುತ್ತಾನೆ. ಕೋಚ್ ಇದನ್ನು ಬಿಡದೆ ತಿದ್ದುತ್ತಾರೆ.

ಚೆಂಡು ಹಿಡಿದವನ ಕೆಲಸವನ್ನು ಇನ್ನೂ ಚೆನ್ನಾಗಿ ಹೇಳಿಕೊಡುತ್ತಾರೆ. ಸಾಮಾನ್ಯ ತಪ್ಪು ಅವಸರ. ಸ್ಕ್ರೀನ್ ಊರುವ ಮೊದಲೇ ಹೊರಟರೆ ಡಿಫೆಂಡರ್ ಜೊತೆಯಲ್ಲೇ ಬಂದುಬಿಡುತ್ತಾನೆ. ಮೊದಲು ಸ್ಕ್ರೀನಿನ ವಿರುದ್ಧ ದಿಕ್ಕಿಗೆ ಒಂದು ಹೆಜ್ಜೆ ಇಟ್ಟು ಡಿಫೆಂಡರನ್ನು ವಾಲಿಸಬೇಕು. ಆಮೇಲೆ ತನ್ನ ಭುಜ ಜೊತೆಗಾರನ ಸೊಂಟಕ್ಕೆ ಉಜ್ಜುವ ಹಾಗೆ ಹೊರಡಬೇಕು. ಇಬ್ಬರ ನಡುವೆ ಒಬ್ಬ ಮನುಷ್ಯ ತೂರುವಷ್ಟು ಸಂದಿ ಉಳಿದರೆ ಆ ಸ್ಕ್ರೀನ್ ಹಾಕಿಯೂ ಪ್ರಯೋಜನವಿಲ್ಲ. ಸ್ಕ್ರೀನ್ ಹಾಕಿದವನು ಚೆಂಡು ಕಣ್ಣಿನಿಂದ ಮರೆಯಾಗದಂತೆ ಒಳಗಾಲಿನ ಮೇಲೆ ತಿರುಗಿ, ಡಿಫೆಂಡರನ್ನು ಬೆನ್ನಿಗೆ ಹಾಕಿಕೊಂಡು ರಿಂಗಿನತ್ತ ಹೋಗುತ್ತಾನೆ. ಎರಡನೇ ಡ್ರಿಬಲ್ ಹೊತ್ತಿಗೆ ಇಬ್ಬರು ಡಿಫೆಂಡರುಗಳ ಸಂದಿಯಲ್ಲಿ ಬೌನ್ಸ್ ಪಾಸ್ ಹೋಗಬೇಕು. ಮೊದಲನೇ ಡ್ರಿಬಲ್‌ನಲ್ಲೇ ಕೊಟ್ಟರೆ ಜೊತೆಗಾರ ಇನ್ನೂ ತಿರುಗಿರುವುದಿಲ್ಲ, ಮೂರನೆಯದಕ್ಕೆ ಕೊಟ್ಟರೆ ಕಾರ್ನರಿನಿಂದ, ಅಂದರೆ ಕೋರ್ಟಿನ ಮೂಲೆಯಿಂದ, ಇನ್ನೊಬ್ಬ ಡಿಫೆಂಡರಿನ ಸಹಾಯ ಬಂದಾಗಿರುತ್ತದೆ. ಈ ಒಂದು ಲಯಕ್ಕೇ ಜೋಡಿಯೊಂದು ನೂರಾರು ಸಲ ಓಡಬೇಕು. ಅಮೆರಿಕದ ಎನ್‌ಬಿಎ ಲೀಗಿನ ಯೂಟಾ ಜಾಝ್ ತಂಡದಲ್ಲಿ ಜಾನ್ ಸ್ಟಾಕ್ಟನ್ ಮತ್ತು ಕಾರ್ಲ್ ಮಲೋನ್ 1985ರಿಂದ 2003ರವರೆಗೆ ಜೊತೆಯಾಗಿ ಮುಖ್ಯವಾಗಿ ಇದನ್ನೇ ಆಡಿದರು. ಸ್ಟಾಕ್ಟನ್ ಹೆಸರಿನಲ್ಲಿರುವ 15,806 ಅಸಿಸ್ಟ್‌ಗಳಲ್ಲಿ (ಸ್ಕೋರಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳಲ್ಲಿ) ದೊಡ್ಡ ಪಾಲು ಮಲೋನ್ ಕೈಸೇರಿದ್ದು.

ನಾಲ್ಕನೇ ವಾರ ಎದುರಾಳಿಯನ್ನು ಓದುವ ಪಾಠ. ದೊಡ್ಡ ಡಿಫೆಂಡರ್ ರಿಂಗಿನ ಹತ್ತಿರವೇ ಉಳಿದರೆ ಚೆಂಡು ಹಿಡಿದವನು ಗೆರೆಯ ಹತ್ತಿರದಿಂದ ಶಾಟ್ ತೆಗೆದುಕೊಳ್ಳಬೇಕು. ಇಬ್ಬರು ಡಿಫೆಂಡರುಗಳು ತಮ್ಮೊಳಗೆ ಬದಲಾಯಿಸಿಕೊಂಡರೆ ಗಿಡ್ಡ ಡಿಫೆಂಡರಿನ ಮೇಲೆ ಎತ್ತರದವನು, ದೊಡ್ಡ ಡಿಫೆಂಡರಿನ ಮೇಲೆ ಚುರುಕಿನವನು. ಆಗ ಅವಸರ ಬೇಡ, ಎರಡು ಡ್ರಿಬಲ್ ಹಿಂದೆ ಸರಿದು ಜಾಗ ಮಾಡಿಕೊಂಡು ಆಡಬೇಕು. ಇಬ್ಬರೂ ಚೆಂಡಿನ ಮೇಲೇ ಮುಗಿಬಿದ್ದರೆ ಸ್ಕ್ರೀನ್ ಹಾಕಿದವನು ರಿಂಗಿನವರೆಗೆ ಹೋಗದೆ ಫ್ರೀ ಥ್ರೋ ಗೆರೆಯ ಬಳಿ ನಿಂತು ಚೆಂಡು ಪಡೆಯಬೇಕು. ಅಲ್ಲಿಂದ ಮುಂದೆ ಆಟ ಮೂವರು ಡಿಫೆಂಡರುಗಳ ಮೇಲೆ ನಾಲ್ವರು. ಇಬ್ಬರು ಸ್ಟಾರ್ ಇರುವುದರ ನಿಜವಾದ ಲಾಭ ಸಿಗುವುದು ಈ ಜಾಗದಲ್ಲೇ, ಏಕೆಂದರೆ ಆ ಎರಡನೆಯವನಿಗೂ ನೋಡಿ ಪಾಸ್ ಕೊಡಲು ಬರುತ್ತದೆ. 2023ರ ಎನ್‌ಬಿಎ ಫೈನಲ್‌ನಲ್ಲಿ ಡೆನ್ವರ್ ತಂಡದ ಜಮಾಲ್ ಮರ್ರೆ ಮತ್ತು ನಿಕೋಲಾ ಯೋಕಿಚ್ ಮಯಾಮಿಯನ್ನು 4-1ರಿಂದ ಮಣಿಸಿದ್ದು ಬಹುಪಾಲು ಹೀಗೆ. ಮೂರನೇ ಪಂದ್ಯದಲ್ಲಿ ಮರ್ರೆ 34, ಯೋಕಿಚ್ 32 ಪಾಯಿಂಟ್, ಇಬ್ಬರಿಗೂ ಟ್ರಿಪಲ್ ಡಬಲ್, ಅಂದರೆ ಪಾಯಿಂಟ್, ರೀಬೌಂಡ್, ಅಸಿಸ್ಟ್ ಮೂರರಲ್ಲೂ ಎರಡಂಕಿ. ಬ್ಯಾಚಿನಲ್ಲಿ ಪಾತ್ರ ತಿರುಗಿಸಿ, ಗಾರ್ಡ್ (ಸಾಮಾನ್ಯವಾಗಿ ಚೆಂಡು ನಡೆಸುವ ಗಿಡ್ಡ ಆಟಗಾರ) ಹೋಗಿ ಎತ್ತರದವನಿಗೆ ಸ್ಕ್ರೀನ್ ಹಾಕುವುದನ್ನೂ ಮಾಡಿಸುತ್ತಾರೆ. ಇದು ಬಹಳ ಒಳ್ಳೆಯ ಕ್ರಮ. ಗಾರ್ಡನ್ನು ಕಾಯುವ ಚಿಕ್ಕ ಡಿಫೆಂಡರಿಗೆ ಸ್ಕ್ರೀನ್ ಎದುರಿಸಿ ಅಭ್ಯಾಸವೇ ಇರುವುದಿಲ್ಲ.

ಕರೆಯುವ ಮಾತುಗಳ ಬಗ್ಗೆ ಒಂದು ಮೆಚ್ಚುಗೆ. ಮನೆಯಲ್ಲಿ ತಮಿಳು, ತೆಲುಗು, ಹಿಂದಿ ಆಡುವ ಹುಡುಗರೂ ಬರುವ ಊರು ಇದು. ಮೊದಲ ದಿನವೇ ಪ್ರತಿ ಜೋಡಿ ನಾಲ್ಕು ಪದ ಗೊತ್ತುಮಾಡಿಕೊಳ್ಳಬೇಕು: ಸ್ಕ್ರೀನ್ ಯಾವ ಕಡೆ ಎಂದು ‘ಎಡ’ ಅಥವಾ ‘ಬಲ’, ಡಿಫೆಂಡರ್ ಅದಲಾದರೆ ‘ಬದಲು’, ಸ್ಕ್ರೀನ್ ಬೇಡದಿದ್ದರೆ ‘ಬಿಡು’. ಯಾವುದೂ ಮೂರು ಅಕ್ಷರ ಮೀರುವುದಿಲ್ಲ. ಗಲಾಟೆಯ ನಡುವೆ ‘ಲೋ, ಈ ಕಡೆ ಬಾರೋ ಮಗಾ’ ಎಂದು ಮುಗಿಸುವಷ್ಟರಲ್ಲಿ ಡಿಫೆನ್ಸ್ ಸರಿಹೋಗಿರುತ್ತದೆ.

ಇನ್ನು ಕೊರತೆ. ಚೆಂಡಿಲ್ಲದ ಸ್ಟಾರ್ ಏನು ಮಾಡಬೇಕು ಎಂಬ ಪಾಠಕ್ಕೆ ಸಿಗುವುದು ಒಂದೇ ಭಾನುವಾರ, ಐದನೆಯದು. ಇದಕ್ಕೆ ಮೂರು ವಾರ ಬೇಕು. ಪಿಕ್ ಅಂಡ್ ರೋಲ್ ಎಷ್ಟೇ ಚೆನ್ನಾಗಿ ಬಂದರೂ 24 ಸೆಕೆಂಡಿನ ಸರದಿಯಲ್ಲಿ ಅದು ಐದಾರು ಸೆಕೆಂಡಿನ ಕೆಲಸ. ಉಳಿದ ಹೊತ್ತು ಇಬ್ಬರಲ್ಲಿ ಒಬ್ಬನ ಕೈ ಖಾಲಿ. ಆ ಖಾಲಿ ಕೈಯವನು ನಿಂತಲ್ಲೇ ನಿಂತರೆ ಅವನ ಡಿಫೆಂಡರ್ ಅರ್ಧ ಕೋರ್ಟ್ ಕಾಯುತ್ತಾನೆ.

ಇದರ ಅತಿ ದೊಡ್ಡ ಉದಾಹರಣೆ ಮಯಾಮಿ ಹೀಟ್. 2010ರಲ್ಲಿ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್ ಒಂದಾದಾಗ ಮೊದಲ 17 ಪಂದ್ಯಗಳಲ್ಲಿ ಗೆದ್ದದ್ದು 9. ಇಬ್ಬರೂ ಚೆಂಡು ಹಿಡಿದು ರಿಂಗಿಗೆ ನುಗ್ಗುವವರು, ಇಬ್ಬರಿಗೂ ದೂರದ ಶಾಟ್ ಬಲವಾದ ಅಸ್ತ್ರವಲ್ಲ. ಹಾಗಾಗಿ ಒಬ್ಬ ನುಗ್ಗುವಾಗ ಇನ್ನೊಬ್ಬನ ಡಿಫೆಂಡರ್ ನಿಶ್ಚಿಂತೆಯಿಂದ ರಿಂಗಿನ ಕೆಳಗೆ ನಿಲ್ಲುತ್ತಿದ್ದ. ಫೈನಲ್ ತಲುಪಿದರೂ 2011ರಲ್ಲಿ ಡಲ್ಲಾಸ್ ಎದುರು 4-2ರಿಂದ ಸೋತರು. ಆಮೇಲೆ ಆದ ಬದಲಾವಣೆಗಳನ್ನು ನೋಡಿ: ಜೇಮ್ಸ್ ರಿಂಗಿನ ಹತ್ತಿರ, ಬೆನ್ನು ಕೊಟ್ಟು ಆಡುವುದನ್ನು ಹೆಚ್ಚಿಸಿದರು, ವೇಡ್ ಚೆಂಡಿಲ್ಲದೆ ಕಟ್ ಮಾಡುವುದನ್ನು, ಅಂದರೆ ರಿಂಗಿನತ್ತ ಥಟ್ಟನೆ ಓಡುವುದನ್ನು, ಹೆಚ್ಚಿಸಿದರು. ಕ್ರಿಸ್ ಬಾಷ್ ಸೆಂಟರ್ ಆಗಿ ದೊಡ್ಡ ಡಿಫೆಂಡರನ್ನು ಹೊರಗೆ ಎಳೆದರು. ಶೇನ್ ಬ್ಯಾಟಿಯರ್, ಆಮೇಲೆ ರೇ ಆಲನ್ ಕಾರ್ನರಿನಲ್ಲಿ ಶಾಟ್‌ಗೆ ನಿಂತರು. 2012, 2013 ಎರಡೂ ವರ್ಷ ಕಪ್ ಅವರದಾಯಿತು. ವೇಡ್ ಪ್ರತಿಭೆ ಕಡಿಮೆಯಾಗಿರಲಿಲ್ಲ, ಅವರು ನಿಲ್ಲುವ ಜಾಗ ಬದಲಾಗಿತ್ತು. ಅಷ್ಟು ದೂರ ಹೋಗುವುದೂ ಬೇಡ. 2019ರ ಸೆಪ್ಟೆಂಬರಿನಲ್ಲಿ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಎತ್ತರದ ಚೀನಾವನ್ನು ಜಪಾನ್ ಫೈನಲ್‌ನಲ್ಲಿ ಸೋಲಿಸಿತು. ಪಾಸ್ ಕೊಟ್ಟ ಕೂಡಲೇ ಓಡುವುದು ಎಂದರೇನು ಎಂದು ಬೆಂಗಳೂರಿನವರು ಕಣ್ಣಾರೆ ಕಂಡದ್ದು ಅಂದು.

ಬ್ಯಾಚಿನಲ್ಲಿ ಸಾಲದೆ ಬಂದದ್ದನ್ನು ಜೋಡಿ ವಾರದ ನಡುವೆ ಹೀಗೆ ತುಂಬಿಕೊಳ್ಳಬಹುದು. ಇನ್ನೊಬ್ಬರನ್ನು ಸೇರಿಸಿಕೊಂಡು ಮೂವರ ಮೇಲೆ ಮೂವರು ಆಡಿ. ಪ್ರತಿಯೊಬ್ಬರಿಗೂ ಮೂರೇ ಡ್ರಿಬಲ್. ಪಾಸ್ ಕೊಟ್ಟವನು ಎರಡು ಸೆಕೆಂಡಿನೊಳಗೆ ಜಾಗ ಬದಲಿಸದಿದ್ದರೆ ಚೆಂಡು ಎದುರಾಳಿಗೆ. ‘ಇಲ್ಲಿ, ಇಲ್ಲಿ’ ಎಂದು ಕೈಯೆತ್ತಿ ಚೆಂಡು ಕೇಳುವಂತಿಲ್ಲ. ಇಬ್ಬರು ಸ್ಟಾರ್‌ಗಳ ನಡುವೆ ಸದಾ ನಾಲ್ಕೂವರೆ ಐದು ಮೀಟರ್ ಅಂತರವಿರಲಿ. ಅದಕ್ಕಿಂತ ಹತ್ತಿರವಾದರೆ ಒಬ್ಬನೇ ಡಿಫೆಂಡರ್ ಇಬ್ಬರನ್ನೂ ನೋಡಿಕೊಳ್ಳುತ್ತಾನೆ. ಚೆಂಡಿಲ್ಲದವನು ನೋಡಬೇಕಾದದ್ದು ಚೆಂಡನ್ನಲ್ಲ, ತನ್ನ ಡಿಫೆಂಡರಿನ ತಲೆಯನ್ನು. ಆ ತಲೆ ಚೆಂಡಿನ ಕಡೆಗೆ ಹೊರಳಿದ ಕ್ಷಣವೇ ಅವನ ಬೆನ್ನ ಹಿಂದಿನಿಂದ ರಿಂಗಿಗೆ ಕಟ್. ಜೊತೆಗಾರ ನಡುವಿನಿಂದ ನುಗ್ಗಿ, ಕಾರ್ನರಿನಲ್ಲಿರುವವನ ಡಿಫೆಂಡರ್ ಅತ್ತ ಸರಿದರೆ, ಕಾರ್ನರಿನವನು ವಿಂಗಿನತ್ತ, ಅಂದರೆ ಪಕ್ಕದ ಗೆರೆಯ ಗುಂಟ ಸೆಂಟರ್ ಗೆರೆಯ ಕಡೆಗೆ, ಮೂರು ಹೆಜ್ಜೆ ಮೇಲೇರಬೇಕು. ಇಲ್ಲದಿದ್ದರೆ ಪಾಸ್ ದಾರಿಯಲ್ಲೇ ಕೈ ಅಡ್ಡ ಬರುತ್ತದೆ. ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷ ಮಾಡಿದರೆ ಸಾಕು. ಮೊದಲ ವಾರ ಸ್ಕೋರ್ ಬೀಳುವುದೇ ಕಷ್ಟ, ಆಗ ನಿಯಮ ಸಡಿಲಿಸಬೇಡಿ.

ಆರು ಮತ್ತು ಏಳನೇ ವಾರ ಓಡುತ್ತ ಲೇಅಪ್ (ರಿಂಗಿನ ಹತ್ತಿರ ಹೋಗಿ ಚೆಂಡು ಹಾಕುವುದು), ಕೈಗೆ ಕೈ ಪಾಸ್. ಪರವಾಗಿಲ್ಲ, ಬೇರೆ ಅಕಾಡೆಮಿಗಳಲ್ಲೂ ಸಿಗುವಂಥದ್ದೇ.

ಎಂಟನೇ ವಾರ ಐವರ ಮೇಲೆ ಐವರ ಪಂದ್ಯ. ಇಲ್ಲಿ ಎರಡು ದೊಡ್ಡ ವಿಷಯಗಳನ್ನು ಯಾರೂ ಹೇಳಿಕೊಡಲಿಲ್ಲ. ಒಂದು, ಡಿಫೆನ್ಸ್‌ಗೆ ಹಿಂದಿರುಗುವುದು. ಒಬ್ಬ ರಿಂಗಿಗೆ ನುಗ್ಗಿದಾಗ ಇನ್ನೊಬ್ಬನೂ ರೀಬೌಂಡಿಗೆ ಹಾರಿದರೆ ಹಿಂದೆ ಕೋರ್ಟ್ ಖಾಲಿ, ಎದುರಾಳಿಗೆ ಸುಲಭದ ಲೇಅಪ್. ಪಂದ್ಯದಲ್ಲಿ ಹೀಗೆ ಮೂರ್ನಾಲ್ಕು ಸಲ ಆಯಿತು, ಕೋಚ್ ಆಟ ನಿಲ್ಲಿಸಿ ತಿದ್ದಬೇಕಿತ್ತು. ಒಬ್ಬ ನುಗ್ಗಿದರೆ ಇನ್ನೊಬ್ಬ ಹಿಂದೆ ಉಳಿಯಬೇಕು, ಇದನ್ನು ಜೋಡಿ ಮೊದಲೇ ಮಾತಾಡಿಕೊಂಡಿರಬೇಕು. ಎರಡು, ಕೊನೆಯ ಹತ್ತು ಸೆಕೆಂಡು. ಚೆಂಡು ಯಾರ ಕೈಯಲ್ಲಿ ಎಂಬ ಜಗಳ ಟೈಮ್ ಔಟಿನಲ್ಲಿ ಶುರುವಾದರೆ ಆ ಟೈಮ್ ಔಟ್ ವ್ಯರ್ಥ. ಯಾರಿಗೇ ಚೆಂಡು ಹೋಗಲಿ, ಇನ್ನೊಬ್ಬ ಸ್ಟಾರ್ ದೂರದ ಕಾರ್ನರಿನಲ್ಲಿ ನಿಲ್ಲಬಾರದು, ಅವನೇ ಸ್ಕ್ರೀನ್ ಹಾಕಬೇಕು. ಆಗ ಇಬ್ಬರು ಒಳ್ಳೆಯ ಡಿಫೆಂಡರುಗಳೂ ಒಂದೇ ಕಡೆ ಸಿಕ್ಕಿಕೊಂಡು, ಯಾರನ್ನು ಬಿಡುವುದು ಎಂದು ತಾವೇ ನಿರ್ಧರಿಸಬೇಕಾಗುತ್ತದೆ.

ತಂಡದ ಕೋಚ್‌ಗಳಿಗೆ ಒಂದು ಲೆಕ್ಕ, ಇದೂ ಬ್ಯಾಚಿನಲ್ಲಿಲ್ಲ. ಪಂದ್ಯ 40 ನಿಮಿಷ. ಇಬ್ಬರಿಗೂ 32 ನಿಮಿಷ ಕೊಟ್ಟು, ಇಬ್ಬರನ್ನೂ ಒಟ್ಟಿಗೆ ಕೂರಿಸದಿದ್ದರೆ, ಜೊತೆಯಾಗಿ ಆಡುವುದು 24 ನಿಮಿಷ, ಒಬ್ಬೊಬ್ಬರೇ ತಂಡ ನಡೆಸುವುದು ಎಂಟೆಂಟು ನಿಮಿಷ. ಸ್ಟಾರ್ ಇಲ್ಲದ ಒಂದು ನಿಮಿಷವೂ ಇರುವುದಿಲ್ಲ. ಇನ್ನೂ ದೊಡ್ಡ ಅನುಕೂಲವೆಂದರೆ, ತನ್ನದೇ ಎಂಟು ನಿಮಿಷ ಖಾತ್ರಿಯಿರುವವನು ಉಳಿದ 24ರಲ್ಲಿ ಮನಸ್ಸಿಟ್ಟು ಸ್ಕ್ರೀನ್ ಹಾಕುತ್ತಾನೆ, ಕಟ್ ಮಾಡುತ್ತಾನೆ. ಇಬ್ಬರನ್ನೂ ಒಂದೇ ಸಲ ಇಳಿಸಿ ಒಂದೇ ಸಲ ಕೂರಿಸುವ ಅಭ್ಯಾಸ ನಮ್ಮ ಅಂತರ ಕಾಲೇಜು ಪಂದ್ಯಗಳಲ್ಲಿ ಇನ್ನೂ ಇದೆ.

ವಿಡಿಯೊ ಬಗ್ಗೆ ದೂರಿದೆ. ಪ್ರತಿ ವಾರ ವಾಟ್ಸ್ಆ್ಯಪ್‌ನಲ್ಲಿ ಕ್ಲಿಪ್ ಕಳಿಸುತ್ತಾರೆ, ಆದರೆ ರಿಂಗಿನ ಪಕ್ಕದಿಂದ, ಚೆಂಡನ್ನೇ ಹಿಂಬಾಲಿಸಿ ತೆಗೆದದ್ದು. ಚೆಂಡಿಲ್ಲದವನು ಚೌಕಟ್ಟಿನಲ್ಲೇ ಇರುವುದಿಲ್ಲ. ನಿಮ್ಮ ಫೋನನ್ನೇ ಸೆಂಟರ್ ಗೆರೆಯ ಬಳಿ, ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ಅಲುಗಾಡದಂತೆ ಇಟ್ಟು ಅರ್ಧ ಕೋರ್ಟ್ ಪೂರ್ತಿ ಕಾಣುವ ಹಾಗೆ ತೆಗೆಯಿರಿ. ನೋಡುವಾಗ ಚೆಂಡಿಲ್ಲದವನು ಮೂರು ಸೆಕೆಂಡಿಗಿಂತ ಹೆಚ್ಚು ನಿಂತಲ್ಲೇ ನಿಂತ ಸಲಗಳನ್ನು ಮಾತ್ರ ಎಣಿಸಿ, ವಾರದಿಂದ ವಾರಕ್ಕೆ ಬರೆದಿಡಿ.

ಯಾರಿಗೆ ಕೊಟ್ಟ ಹಣ ಸಾರ್ಥಕ? ಒಬ್ಬ ಗಾರ್ಡ್, ಒಬ್ಬ ಎತ್ತರದವನು ಇರುವ ಜೋಡಿಗೆ ಕಣ್ಮುಚ್ಚಿ ಸೇರಿ ಎನ್ನಬಹುದು. ಮೊದಲ ನಾಲ್ಕು ವಾರಗಳೇ ಸಾಕು. ಇಬ್ಬರೂ ಗಾರ್ಡ್‌ಗಳಾದರೆ ಸೇರುವ ಮೊದಲು ಕೋಚ್ ಹತ್ತಿರ ಮಾತಾಡಿ, ‘ಸರ್, ಐದನೇ ವಾರದ ಪಾಠವನ್ನು ಆರು, ಏಳಕ್ಕೂ ಮುಂದುವರಿಸುತ್ತೀರಾ’ ಎಂದು ನೇರವಾಗಿ ಕೇಳಿ. ಒಪ್ಪಿದರೆ ಮಾತ್ರ ಹಣ ಕಟ್ಟಿ. ಹೋಗುವಾಗ ಸೂರಿನ ಕೆಳಗಿನ ಆ ಸಿಂಥೆಟಿಕ್ ನೆಲಕ್ಕೆಂದು ಬೇರೆಯೇ ಒಂದು ಜೊತೆ ಶೂ ಒಯ್ಯಿರಿ. ರಸ್ತೆಯ ಧೂಳು ಮೆತ್ತಿದ ಅಟ್ಟೆಯಲ್ಲಿ ಸ್ಕ್ರೀನ್ ಹಾಕಿ ತಿರುಗಿದರೆ ಕಾಲು ಜಾರುತ್ತದೆ, ಬಾಗಿಲಲ್ಲಿ ಒದ್ದೆ ಬಟ್ಟೆಯನ್ನೂ ಯಾರೂ ಇಟ್ಟಿರುವುದಿಲ್ಲ.